ಈ ಬಫರ್ ಈಗ ಯಾರ ಕೈಲಿದೆ? ಲಿನಕ್ಸ್ ಡ್ರೈವರ್‌ನಲ್ಲಿ ಡಿಎಂಎ ನಿಭಾಯಿಸಲು ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ಡಿಎಂಎ ಡ್ರೈವರ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಿತು. ಅದೇ ಕೋಡನ್ನು ಒಂದು ಎಆರ್‌ಎಂ ಬೋರ್ಡ್ ಮೇಲೆ ಹಾಕಿದೆ. ಹೆಚ್ಚಿನ ಸಲ ಸರಿಯಾದ ಡೇಟಾ ಬರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಮಾತ್ರ ಹಿಂದಿನ ಸಲದ ಹಳೇ ಡೇಟಾ. ಎರಡು ದಿನ ಹಾರ್ಡ್‌ವೇರ್ ಮೇಲೇ ಅನುಮಾನಪಟ್ಟೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಒಂದು ಸಿಂಕ್ ಕರೆ ಬಿಟ್ಟುಹೋಗಿತ್ತು.

ಡಿಎಂಎ (ಡೈರೆಕ್ಟ್ ಮೆಮೊರಿ ಆಕ್ಸೆಸ್) ಅಂದರೆ ಪ್ರೊಸೆಸರ್ ಕೈ ಹಾಕದೆ ಡಿವೈಸ್ ತಾನೇ ಮೆಮೊರಿಯನ್ನು ಓದುವುದು, ಬರೆಯುವುದು. ಪ್ರೊಸೆಸರ್ ವಿಳಾಸ ಮತ್ತು ಅಳತೆ ಹೇಳಿ ಬೇರೆ ಕೆಲಸಕ್ಕೆ ಹೋಗುತ್ತದೆ. ಮುಗಿದ ಮೇಲೆ ಡಿವೈಸ್ ಇಂಟರಪ್ಟ್ ಕೊಟ್ಟು ಕರೆಯುತ್ತದೆ. ಕೇಳಲು ಸುಲಭ, ಅಲ್ವಾ? ತೊಂದರೆ ಇರುವುದು ಒಂದೇ ಮೆಮೊರಿಗೆ ಇಬ್ಬರು ಯಜಮಾನರು ಇರುವುದರಲ್ಲಿ. ಹೊಲವನ್ನು ಗುತ್ತಿಗೆಗೆ ಕೊಟ್ಟ ಮೇಲೆ ಅವಧಿ ಮುಗಿಯುವ ತನಕ ನಾವು ಅಲ್ಲಿ ನೇಗಿಲು ಹೂಡುವ ಹಾಗಿಲ್ಲ. ಬಫರ್ ವಿಷಯವೂ ಅಷ್ಟೇ. ಹಾಗಾಗಿ ಪ್ರತಿ ಹಂತದಲ್ಲೂ ನಾನು ಕೇಳುವ ಪ್ರಶ್ನೆ ಒಂದೇ: ಈ ಬಫರ್ ಈಗ ಯಾರ ಕೈಲಿದೆ?

ನಿಮಗೆ ಸಿ ಭಾಷೆ ಗೊತ್ತು, ಒಂದು ಸಣ್ಣ ಕರ್ನಲ್ ಮಾಡ್ಯೂಲ್ ಬರೆದು ಲೋಡ್ ಮಾಡಿದ್ದೀರಿ ಅಂತ ಅಂದುಕೊಂಡಿದ್ದೇನೆ. ಫಂಕ್ಷನ್ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಸೇರಿಸಿಕೊಳ್ಳಿ.

ಹಂತ 1: ಕೆಟ್ಟರೂ ಪರವಾಗಿಲ್ಲ ಅನ್ನುವಂಥ ಡಿವೈಸ್ ಹುಡುಕಿ

ನಿಜವಾದ ನೆಟ್‌ವರ್ಕ್ ಕಾರ್ಡ್ ಮೇಲೆ ಕಲಿಯಲು ಹೋಗಬೇಡಿ. ತಪ್ಪು ವಿಳಾಸಕ್ಕೆ ಡಿಎಂಎ ಆದರೆ ಇಡೀ ಸಿಸ್ಟಮ್ ಹಾಳಾಗಬಹುದು. ಕ್ಯೂಎಮು ಎಮ್ಯುಲೇಟರ್ ಜೊತೆಗೇ 'ಎಡು' ಎಂಬ ಒಂದು ಪಿಸಿಐ ಡಿವೈಸ್ ಬರುತ್ತದೆ. ಚೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದ ಲಿನಕ್ಸ್ ಕರ್ನಲ್ ಪಾಠಗಳಿಗಾಗಿ ಮಾಡಿದ್ದು ಇದು. ವೆಂಡರ್ ಸಂಖ್ಯೆ ಹೆಕ್ಸ್ 1234, ಡಿವೈಸ್ ಸಂಖ್ಯೆ ಹೆಕ್ಸ್ 11ಇ8. ಕ್ಯೂಎಮು ಶುರು ಮಾಡುವಾಗ ಡಿವೈಸ್ ಆಯ್ಕೆಗೆ 'ಎಡು' ಅಂತ ಕೊಟ್ಟರೆ ಸಾಕು.

ಇದರೊಳಗೆ 4096 ಬೈಟ್‌ನ ಒಂದು ಬಫರ್ ಇದೆ. ಡಿವೈಸ್‌ನ ಲೆಕ್ಕದಲ್ಲಿ ಅದು ಹೆಕ್ಸ್ 40000ರಿಂದ ಶುರು. ಡಿಎಂಎಗೆ ನಾಲ್ಕು ರಿಜಿಸ್ಟರ್. ಹೆಕ್ಸ್ 80ರಲ್ಲಿ ಎಲ್ಲಿಂದ, 88ರಲ್ಲಿ ಎಲ್ಲಿಗೆ, 90ರಲ್ಲಿ ಎಷ್ಟು ಬೈಟ್, 98ರಲ್ಲಿ ಆಜ್ಞೆ. ಆಜ್ಞೆಯಲ್ಲಿ 1 ಅಂದರೆ ಶುರು ಮಾಡು. 2 ಸೇರಿಸಿದರೆ ದಿಕ್ಕು ತಿರುಗಿ ಡಿವೈಸ್‌ನಿಂದ ಮೆಮೊರಿಗೆ. 4 ಸೇರಿಸಿದರೆ ಮುಗಿದಾಗ ಇಂಟರಪ್ಟ್. ಅಂದರೆ ಕಳುಹಿಸಲು 5, ತರಿಸಿಕೊಳ್ಳಲು 7.

ಈ ಡಿವೈಸ್ ಒಂದು ವರ್ಗಾವಣೆಗೆ ಬೇಕಂತಲೇ 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಇದು ಕಲಿಯುವವರಿಗೆ ವರ. ಮುಗಿಯುವ ಮುಂಚೆ ಬಫರ್ ಮುಟ್ಟಿದರೆ ತಪ್ಪು ತಕ್ಷಣ ಕಾಣುತ್ತದೆ.

ಕರ್ನಲ್ ಕಟ್ಟುವಾಗ 'ಡಿಎಂಎ ಎಪಿಐ ಡಿಬಗ್' ಆಯ್ಕೆಯನ್ನು ಈಗಲೇ ಆನ್ ಮಾಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಹಂತ 2: ಡಿವೈಸ್ ಎಬ್ಬಿಸಿ, ಬಸ್ ಕೈಗೆ ಕೊಡಿ

ಡಿವೈಸ್ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್‌ನಲ್ಲಿ ಮೊದಲು 'ಪಿಸಿಐಎಂ ಎನೇಬಲ್ ಡಿವೈಸ್', ಆಮೇಲೆ ಬಾರ್ 0 (ಡಿವೈಸ್‌ನ ರಿಜಿಸ್ಟರ್‌ಗಳಿರುವ ವಿಳಾಸ ಜಾಗ) ಮ್ಯಾಪ್ ಮಾಡುವುದು. ಹೆಕ್ಸ್ 4ರ ರಿಜಿಸ್ಟರ್‌ಗೆ ಯಾವುದಾದರೂ ಸಂಖ್ಯೆ ಬರೆದು ವಾಪಸ್ ಓದಿ. ಅದರ ಎಲ್ಲ ಬಿಟ್ ತಿರುಗಿ ಬಂದರೆ ಡಿವೈಸ್ ಜೀವಂತ ಇದೆ ಅಂತ.

ಮುಂದಿನ ಸಾಲನ್ನು ಮರೆಯುವವರು ಜಾಸ್ತಿ: 'ಪಿಸಿಐ ಸೆಟ್ ಮಾಸ್ಟರ್'. ಪಿಸಿಐ ಡಿವೈಸ್‌ಗೆ ತಾನಾಗಿ ಮೆಮೊರಿ ಮುಟ್ಟುವ ಅಧಿಕಾರ ಇರುವುದಿಲ್ಲ. ಕಮಾಂಡ್ ರಿಜಿಸ್ಟರ್‌ನಲ್ಲಿ ಬಸ್ ಮಾಸ್ಟರ್ ಬಿಟ್ ಹಾಕಿದರೆ ಮಾತ್ರ ಉಂಟು. ಇದನ್ನು ಬಿಟ್ಟರೆ ರಿಜಿಸ್ಟರ್‌ಗಳೆಲ್ಲ ಸರಿಯಾಗಿ ಕೆಲಸ ಮಾಡುತ್ತವೆ, ಬಫರ್ ಮಾತ್ರ ಇದ್ದ ಹಾಗೇ ಇರುತ್ತದೆ. ಎಲ್ಲ ಸರಿ ಇದ್ದೂ ಡೇಟಾ ಬರುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಈ ಸಾಲನ್ನೇ.

ಇಂಟರಪ್ಟ್ ಕೆಲಸ ಇಲ್ಲಿ ಸರಳ. ಹ್ಯಾಂಡ್ಲರ್‌ನಲ್ಲಿ ಹೆಕ್ಸ್ 24 ಓದಿ, ಓದಿದ್ದನ್ನೇ ಹೆಕ್ಸ್ 64ಕ್ಕೆ ಬರೆದು 'ನೋಡಿದೆ' ಅಂತ ತಿಳಿಸಿ. ಡಿಎಂಎ ಮುಗಿದದ್ದಾದರೆ ಅದರಲ್ಲಿ ಹೆಕ್ಸ್ 100 ಇರುತ್ತದೆ. ಆಗ ಕಂಪ್ಲೀಷನ್ ಮೂಲಕ, ಕಾಯುತ್ತಿರುವ ಕೋಡನ್ನು ಎಬ್ಬಿಸಿ.

ಹಂತ 3: ಮಾಸ್ಕ್ ವಿಷಯದಲ್ಲಿ ಸುಳ್ಳು ಹೇಳಬೇಡಿ

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8237 ಚಿಪ್ ಡಿಎಂಎ ಮಾಡುತ್ತಿತ್ತು. ಒಂದೇ ಸಲಕ್ಕೆ 64 ಕಿಲೋಬೈಟ್ ಗಡಿ ದಾಟುವ ಹಾಗಿರಲಿಲ್ಲ. ಆಮೇಲೆ ಬಂದ ಐಎಸ್‌ಎ ಬಸ್‌ನಲ್ಲಿ 24 ಬಿಟ್ ವಿಳಾಸ, ಅಂದರೆ 16 ಮೆಗಾಬೈಟ್ ಒಳಗೆ ಮಾತ್ರ. ಕರ್ನಲ್‌ನಲ್ಲಿ ಈಗಲೂ 'ಝೋನ್ ಡಿಎಂಎ' ಅನ್ನುವ ಹೆಸರು ಉಳಿದಿರುವುದು ಆ ಕಾಲದ ಋಣ. ಇಂದಿಗೂ ಪ್ರತಿ ಡಿವೈಸ್‌ಗೂ ಕೈ ಎಟುಕುವ ದೂರ ಒಂದು ಇರುತ್ತದೆ. ಅದನ್ನು ಕರ್ನಲ್‌ಗೆ ಹೇಳುವುದೇ ಮಾಸ್ಕ್.

ಕರೆಯುವುದು 'ಡಿಎಂಎ ಸೆಟ್ ಮಾಸ್ಕ್ ಆಂಡ್ ಕೊಹೆರೆಂಟ್'. ಏನೂ ಹೇಳದಿದ್ದರೆ ಕರ್ನಲ್ 32 ಬಿಟ್ ಅಂದುಕೊಳ್ಳುತ್ತದೆ. ಎಡು ಡಿವೈಸ್‌ಗೆ ಮೊದಲಿನಿಂದ ಇರುವುದು 28 ಬಿಟ್, ಅಂದರೆ 256 ಮೆಗಾಬೈಟ್. ಆದ್ದರಿಂದ 28 ಅಂತಲೇ ಹೇಳಿ. ವಾಪಸ್ ಬಂದದ್ದು ಸೊನ್ನೆ ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಬೇರೆ ಡ್ರೈವರ್‌ನಿಂದ ನಕಲು ಮಾಡುವಾಗ ಸುಮ್ನೆ 64 ಅಂತ ಬಿಟ್ಟುಬಿಟ್ಟರೆ? ಕರ್ನಲ್ ನಿಮ್ಮ ಮಾತು ನಂಬಿ ಹೆಕ್ಸ್ 30001000 ಎಂಬ ವಿಳಾಸ ಕೊಟ್ಟಿತು ಅಂತಿಟ್ಟುಕೊಳ್ಳಿ. ಎಡು ಮೇಲಿನ ಬಿಟ್‌ಗಳನ್ನು ಕತ್ತರಿಸಿ ಎಸೆದು ಹೆಕ್ಸ್ 1000ಕ್ಕೆ ಬರೆಯುತ್ತದೆ. ಅಲ್ಲಿ ಯಾರ ಡೇಟಾ ಇತ್ತೋ ಅವರ ಕಥೆ ಮುಗಿಯಿತು. ನಿಮ್ಮ ಡ್ರೈವರ್‌ಗೆ ಒಂದು ಎರರ್ ಕೂಡ ಬರುವುದಿಲ್ಲ.

ಹಂತ 4: ಕೊಹೆರೆಂಟ್ ಬಫರ್‌ನಿಂದ ಶುರು ಮಾಡಿ

ಡಿಎಂಎ ಮೆಮೊರಿ ಎರಡು ಬಗೆ. ಕೊಹೆರೆಂಟ್ ಒಂದು, ಸ್ಟ್ರೀಮಿಂಗ್ ಇನ್ನೊಂದು. ಕೊಹೆರೆಂಟ್‌ನಲ್ಲಿ ಇಬ್ಬರೂ ಯಾವಾಗ ಬೇಕಾದರೂ ಮುಟ್ಟಬಹುದು. ಕ್ಯಾಷ್ (ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ಮೆಮೊರಿಯ ಪ್ರತಿ) ಚಿಂತೆಯನ್ನು ಕರ್ನಲ್ ನೋಡಿಕೊಳ್ಳುತ್ತದೆ. ಹೊಸಬರಿಗೆ ಇದೇ ಸರಿ.

'ಡಿಎಂಎ ಅಲಾಕ್ ಕೊಹೆರೆಂಟ್' ಕರೆದರೆ ಎರಡು ವಿಳಾಸ ಸಿಗುತ್ತವೆ. ವಾಪಸ್ ಬರುವ ಪಾಯಿಂಟರ್ ಪ್ರೊಸೆಸರ್‌ಗೆ. ನೀವು ಕೊಟ್ಟ 'ಡಿಎಂಎ ಅಡ್ರ್ ಟಿ' ವೇರಿಯಬಲ್‌ನಲ್ಲಿ ಕೂರುವುದು ಡಿವೈಸ್‌ಗೆ. ಇವೆರಡನ್ನು ಅದಲು ಬದಲು ಮಾಡಬಾರದು. ಪಾಯಿಂಟರ್‌ನಿಂದ ಫಿಸಿಕಲ್ ವಿಳಾಸ ಲೆಕ್ಕ ಹಾಕಿ ಡಿವೈಸ್‌ಗೆ ಕೊಡುವ ಜಾಣತನವೂ ಬೇಡ. ಐಒಎಂಎಂಯು (ಡಿವೈಸ್ ಬಳಸುವ ವಿಳಾಸವನ್ನು ಮೆಮೊರಿಯ ವಿಳಾಸಕ್ಕೆ ತಿರುಗಿಸುವ ಹಾರ್ಡ್‌ವೇರ್) ಇಲ್ಲದ ಪಿಸಿಯಲ್ಲಿ ಎರಡೂ ಒಂದೇ ಸಂಖ್ಯೆ ಆಗಿರುವುದರಿಂದ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ಐಒಎಂಎಂಯು ಇರುವ ಮೆಷಿನ್‌ಗೆ ಹೋದ ದಿನ ಬಿದ್ದುಹೋಗುತ್ತದೆ.

ಈಗ ಮೊದಲ ವರ್ಗಾವಣೆ. ಒಂದು ಪೇಜ್‌ನಷ್ಟು ಬಫರ್ ತೆಗೆದುಕೊಳ್ಳಿ. ಗುರುತಿಸಲು ಸುಲಭವಾದ ಡೇಟಾ ತುಂಬಿ. ಹೆಕ್ಸ್ 80ಕ್ಕೆ ನಿಮ್ಮ ಡಿಎಂಎ ವಿಳಾಸ, 88ಕ್ಕೆ 40000, 90ಕ್ಕೆ ಅಳತೆ, ಕೊನೆಗೆ 98ಕ್ಕೆ 5. ಆಜ್ಞೆ ಯಾವಾಗಲೂ ಕಡೆಯಲ್ಲೇ. ಅದನ್ನು ಬರೆದ ಕ್ಷಣದಿಂದ ಬಫರ್ ಡಿವೈಸ್ ಕೈಲಿದೆ. ಇಂಟರಪ್ಟ್ ಬರುವ ತನಕ ಕಾಯಿರಿ. ಆಮೇಲೆ ಬಫರ್‌ಗೆ ಸೊನ್ನೆ ತುಂಬಿ, ಮೂಲ ಮತ್ತು ಗುರಿ ತಿರುಗಿಸಿ, 7 ಬರೆಯಿರಿ. ಮೊದಲಿನ ಡೇಟಾ ವಾಪಸ್ ಬಂದಿದ್ದರೆ ಚಹಾ ಕುಡಿಯಲು ಹೋಗಬಹುದು.

ವರ್ಗಾವಣೆ ನಡೆಯುತ್ತಿರುವಾಗ ಡಿಎಂಎ ರಿಜಿಸ್ಟರ್‌ಗೆ ಬರೆದದ್ದನ್ನು ಎಡು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡನೇ ಸಲ ಡೇಟಾ ಬರಲಿಲ್ಲ ಅಂದರೆ ನೀವು ಕಾಯದೇ ಹೋಗಿದ್ದೀರಿ ಅಂತ ಅರ್ಥ.

ಒಂದೆರಡು ಎಚ್ಚರಿಕೆ. ಈ ಬಗೆಯ ಮೆಮೊರಿ ಕಡಿಮೆ ಅಂದರೂ ಒಂದು ಪೇಜ್ ತಿನ್ನುತ್ತದೆ. ಸಣ್ಣ ಸಣ್ಣ ತುಂಡು ಬಹಳ ಬೇಕಾದರೆ 'ಡಿಎಂಎ ಪೂಲ್' ಬಳಸಿ. ಬಿಡುಗಡೆ ಮಾಡುವ 'ಡಿಎಂಎ ಫ್ರೀ ಕೊಹೆರೆಂಟ್' ಕರೆಯನ್ನು ಇಂಟರಪ್ಟ್ ನಿಲ್ಲಿಸಿದ ಜಾಗದಿಂದ ಕರೆಯಬಾರದು. ಇನ್ನು ಅನೇಕ ಎಆರ್‌ಎಂ ಚಿಪ್‌ಗಳಲ್ಲಿ ಈ ಮೆಮೊರಿಗೆ ಕ್ಯಾಷ್ ಇರುವುದಿಲ್ಲ, ಓದುವುದು ನಿಧಾನ. ದೊಡ್ಡ ಡೇಟಾವನ್ನೆಲ್ಲ ಇದರಲ್ಲೇ ಇಟ್ಟು, ಡ್ರೈವರ್ ಯಾಕೆ ತೆವಳುತ್ತಿದೆ ಅಂತ ತಲೆ ಕೆರೆದುಕೊಳ್ಳಬೇಡಿ.

ಹಂತ 5: ಸ್ಟ್ರೀಮಿಂಗ್, ಮೂರು ಪ್ರಯೋಗಗಳ ಜೊತೆ

ನೆಟ್‌ವರ್ಕ್ ಪ್ಯಾಕೆಟ್, ಡಿಸ್ಕ್ ಬ್ಲಾಕ್ ಇವೆಲ್ಲ ಆಗಲೇ ಯಾವುದೋ ಬಫರ್‌ನಲ್ಲಿ ಇರುತ್ತವೆ. ಅದನ್ನೇ ಸ್ವಲ್ಪ ಹೊತ್ತು ಡಿವೈಸ್‌ಗೆ ಕೊಟ್ಟು ವಾಪಸ್ ಪಡೆಯುವುದು ಸ್ಟ್ರೀಮಿಂಗ್. ಗುತ್ತಿಗೆ ಪತ್ರ ಬರುವುದು ಇಲ್ಲೇ.

ಕೇಮ್ಯಾಲಾಕ್‌ನಿಂದ (ಕರ್ನಲ್‌ನಲ್ಲಿ ಮೆಮೊರಿ ಕೇಳುವ ಸಾಮಾನ್ಯ ಕರೆ) ಪಡೆದ ಬಫರ್‌ಗೆ 'ಡಿಎಂಎ ಮ್ಯಾಪ್ ಸಿಂಗಲ್' ಕರೆಯಿರಿ. ಜೊತೆಗೆ ದಿಕ್ಕು ಹೇಳಿ: ಡಿವೈಸ್‌ಗೆ, ಡಿವೈಸ್‌ನಿಂದ, ಅಥವಾ ಎರಡೂ ಕಡೆ. ಗೊತ್ತಿಲ್ಲ ಅಂತ ಎಲ್ಲದಕ್ಕೂ 'ಎರಡೂ ಕಡೆ' ಹಾಕುವುದು ಸೋಮಾರಿತನ. ಬೇಡದ ಕ್ಯಾಷ್ ಕೆಲಸ ಆಗುತ್ತದೆ, ತಪ್ಪೂ ಮುಚ್ಚಿಹೋಗುತ್ತದೆ. ಬಂದ ವಿಳಾಸವನ್ನು 'ಡಿಎಂಎ ಮ್ಯಾಪಿಂಗ್ ಎರರ್'ಗೆ ಕೊಟ್ಟು ಪರೀಕ್ಷಿಸಿ. ಸೊನ್ನೆಗೆ ಹೋಲಿಸಿ ನೋಡುವುದು ತಪ್ಪು. ಸೊನ್ನೆ ಕೂಡ ಸರಿಯಾದ ಡಿಎಂಎ ವಿಳಾಸ ಆಗಬಹುದು. ಕೆಲಸ ಮುಗಿದ ಮೇಲೆ ಅದೇ ಅಳತೆ, ಅದೇ ದಿಕ್ಕಿನಿಂದ 'ಡಿಎಂಎ ಅನ್‌ಮ್ಯಾಪ್ ಸಿಂಗಲ್'.

ಮ್ಯಾಪಿಂಗ್ ಎರರ್ ಎಲ್ಲಿ ಬರುತ್ತದೆ ಬಿಡಿ, ಅನ್ನುವವರು ಬಹಳ. ಅವರಿಗಾಗಿ ಈ ಪ್ರಯೋಗ.

ಮೊದಲು ಕ್ಯೂಎಮುಗೆ 256 ಮೆಗಾಬೈಟ್ ಮೆಮೊರಿ ಕೊಡಿ. ಇಡೀ ಮೆಮೊರಿ 28 ಬಿಟ್‌ಗೆ ಎಟುಕುತ್ತದೆ. ನಿಮ್ಮ ಸ್ಟ್ರೀಮಿಂಗ್ ಕೋಡ್ ಓಡುತ್ತದೆ.

ಎರಡನೆಯದಾಗಿ, ಒಂದು ಅಕ್ಷರವೂ ಬದಲಿಸದೆ 1024 ಮೆಗಾಬೈಟ್ ಕೊಡಿ. ಕೇಮ್ಯಾಲಾಕ್ ಕೊಡುವ ಬಫರ್ ಈಗ ಬಹುತೇಕ 256 ಮೆಗಾಬೈಟ್‌ಗಿಂತ ಮೇಲೆ ಬೀಳುತ್ತದೆ. ಡಿವೈಸ್‌ಗೆ ಕೈ ಎಟುಕುವುದಿಲ್ಲ. ಕರ್ನಲ್ ಓವರ್‌ಫ್ಲೋ ಅಂತ ಎಚ್ಚರಿಕೆ ಕೊಟ್ಟು ಮ್ಯಾಪಿಂಗ್ ನಿರಾಕರಿಸುತ್ತದೆ. ಎರರ್ ಪರೀಕ್ಷೆ ಬರೆದಿದ್ದರೆ ನೀವು ಮರ್ಯಾದೆಯಿಂದ ಹೊರಬರುತ್ತೀರಿ. ಬರೆದಿಲ್ಲದಿದ್ದರೆ ಆ ಎರರ್ ಸಂಖ್ಯೆಯನ್ನೇ ವಿಳಾಸ ಅಂತ ಡಿವೈಸ್‌ಗೆ ಕೊಟ್ಟಿರುತ್ತೀರಿ.

ಮೂರನೆಯದಾಗಿ, 1024 ಮೆಗಾಬೈಟ್ ಹಾಗೇ ಇರಲಿ. ಮೆಷಿನ್ ಕ್ಯೂ35 ಆಯ್ದುಕೊಂಡು, ಬೇರೆಲ್ಲ ಡಿವೈಸ್‌ಗಿಂತ ಮೊದಲು ಇಂಟೆಲ್ ಐಒಎಂಎಂಯು ಸೇರಿಸಿ. ಕರ್ನಲ್ ಬೂಟ್ ಸಾಲಿನಲ್ಲಿಯೂ ಇಂಟೆಲ್ ಐಒಎಂಎಂಯು ಆನ್ ಮಾಡಿ. ಕೋಡ್ ಮತ್ತೆ ಓಡುತ್ತದೆ! ಬಫರ್ ಎಲ್ಲೇ ಇರಲಿ, ಐಒಎಂಎಂಯು ಡಿವೈಸ್‌ಗೆ 28 ಬಿಟ್ ಒಳಗಿನ ಒಂದು ಬೇರೆ ವಿಳಾಸ ತೋರಿಸುತ್ತದೆ. ಡಿಎಂಎ ವಿಳಾಸವನ್ನೂ ಫಿಸಿಕಲ್ ವಿಳಾಸವನ್ನೂ ಪ್ರಿಂಟ್ ಮಾಡಿ ನೋಡಿ. ಎರಡೂ ಬೇರೆ ಬೇರೆ. ಹಂತ 4ರಲ್ಲಿ ಜಾಣತನ ಬೇಡ ಅಂದದ್ದು ಇದಕ್ಕೇ.

ಐಒಎಂಎಂಯು ಇನ್ನೊಂದು ಉಪಕಾರ ಮಾಡುತ್ತದೆ. ಅನ್‌ಮ್ಯಾಪ್ ಆದ ವಿಳಾಸವನ್ನು ಡಿವೈಸ್ ಆಮೇಲೆ ಮುಟ್ಟಿದರೆ ಅದನ್ನು ತಡೆದು ಲಾಗ್‌ನಲ್ಲಿ ದೂರು ಬರೆಯಬಲ್ಲದು. ನನ್ನ ಮಟ್ಟಿಗೆ ಡ್ರೈವರ್ ಬರೆಯುವಾಗ ಅದನ್ನು ಆಫ್ ಮಾಡುವುದೇ ಇಲ್ಲ.

ಹಂತ 6: ಸಿಂಕ್, ನನ್ನ ಎರಡು ದಿನ ತಿಂದ ಸಾಲು

ಒಂದೇ ಬಫರ್‌ಗೆ ಡೇಟಾ ಮತ್ತೆ ಮತ್ತೆ ತರಿಸಿಕೊಳ್ಳಬೇಕು. ಪ್ರತಿ ಸಲ ಮ್ಯಾಪ್, ಅನ್‌ಮ್ಯಾಪ್ ದುಬಾರಿ. ಆಗ ಮ್ಯಾಪ್ ಒಂದೇ ಸಲ ಮಾಡಿ, ನಡುವೆ ಯಜಮಾನಿಕೆ ಮಾತ್ರ ಬದಲಿಸಬಹುದು. ಡಿವೈಸ್ ಬರೆದು ಮುಗಿಸಿದ ಮೇಲೆ, ನೀವು ಓದುವ ಮುಂಚೆ 'ಡಿಎಂಎ ಸಿಂಕ್ ಸಿಂಗಲ್ ಫಾರ್ ಸಿಪಿಯು'. ಮತ್ತೆ ಡಿವೈಸ್‌ಗೆ ಕೊಡುವ ಮುಂಚೆ 'ಡಿಎಂಎ ಸಿಂಕ್ ಸಿಂಗಲ್ ಫಾರ್ ಡಿವೈಸ್'.

ಇದನ್ನು ಮರೆತರೆ ಏನಾಗುತ್ತದೆ? ಡಿವೈಸ್ ಬರೆದದ್ದು ಮೆಮೊರಿಯಲ್ಲಿದೆ, ಪ್ರೊಸೆಸರ್ ಕ್ಯಾಷ್‌ನಲ್ಲಿ ಹಳೇ ಪ್ರತಿ ಇದೆ. ಪ್ರೊಸೆಸರ್ ತನ್ನ ಜೇಬಿನ ಚೀಟಿ ನೋಡಿ ಉತ್ತರ ಹೇಳುತ್ತದೆ. ಪಿಸಿಯಲ್ಲಿ ಹಾರ್ಡ್‌ವೇರೇ ಕ್ಯಾಷ್ ಸರಿಪಡಿಸುವುದರಿಂದ ಈ ತಪ್ಪು ಕಾಣುವುದೇ ಇಲ್ಲ. ಎಆರ್‌ಎಂ ಬೋರ್ಡ್‌ಗಳಲ್ಲಿ ಅನೇಕ ಕಡೆ ಆ ಸೌಕರ್ಯ ಇಲ್ಲ.

ಬೋರ್ಡ್ ಇಲ್ಲದೆ ಪಿಸಿಯಲ್ಲೇ ಈ ತಪ್ಪನ್ನು ಹಿಡಿಯುವ ಉಪಾಯ ಒಂದಿದೆ. ಡಿವೈಸ್‌ಗೆ ಎಟುಕದ ಬಫರ್ ಬಂದಾಗ ಬಳಸಲೆಂದು ಕರ್ನಲ್ ಎಸ್‌ಡಬ್ಲ್ಯೂಐಒಟಿಎಲ್‌ಬಿ ಎಂಬ ಮಧ್ಯವರ್ತಿ ಮೆಮೊರಿ ಇಟ್ಟುಕೊಳ್ಳಬಲ್ಲದು. ಡಿವೈಸ್ ಅಲ್ಲಿಗೆ ಬರೆಯುತ್ತದೆ, ಕರ್ನಲ್ ಅಲ್ಲಿಂದ ನಿಮ್ಮ ಬಫರ್‌ಗೆ ನಕಲು ಮಾಡುತ್ತದೆ. ಆ ನಕಲು ನಡೆಯುವುದು ಅನ್‌ಮ್ಯಾಪ್ ಅಥವಾ ಸಿಂಕ್ ಕರೆದಾಗ ಮಾತ್ರ. ಬೂಟ್ ಸಾಲಿನಲ್ಲಿ ಎಸ್‌ಡಬ್ಲ್ಯೂಐಒಟಿಎಲ್‌ಬಿಗೆ '8192,ಫೋರ್ಸ್' ಅಂತ ಕೊಡಿ. ಒಂದು ತುಂಡು 2 ಕಿಲೋಬೈಟ್, ಒಟ್ಟು 16 ಮೆಗಾಬೈಟ್. ಐಒಎಂಎಂಯು ತೆಗೆದು, 256 ಮೆಗಾಬೈಟ್ ಮೆಷಿನ್‌ನಲ್ಲೇ ಮಾಡಿ. ಈಗ ಸಿಂಕ್ ಬಿಟ್ಟ ಕೋಡ್ ಪ್ರತಿ ಸಲವೂ ಹಳೇ ಡೇಟಾ ಕೊಡುತ್ತದೆ. ಆಗೊಮ್ಮೆ ಈಗೊಮ್ಮೆ ಅಲ್ಲ, ಪ್ರತಿ ಸಲ. ಅವತ್ತು ನನಗೆ ಇದು ಗೊತ್ತಿದ್ದರೆ ಎರಡು ದಿನದ ನಿದ್ದೆ ಉಳಿಯುತ್ತಿತ್ತು.

ಹಂತ 7: ಯಾವ ಮೆಮೊರಿ ಕೊಡಬಾರದು

ಸ್ಟ್ಯಾಕ್ ಮೇಲಿನ ವೇರಿಯಬಲ್ ಕೊಡಬೇಡಿ. 2016ರ ಕೊನೆಗೆ ಬಂದ 4.9 ಕರ್ನಲ್‌ನಲ್ಲಿ ಎಕ್ಸ್86ರ ಸ್ಟ್ಯಾಕ್ ವಿಮ್ಯಾಲಾಕ್ ಮೆಮೊರಿಗೆ ಹೋಯಿತು. ಅಲ್ಲಿಯವರೆಗೆ ಸ್ಟ್ಯಾಕ್‌ನಿಂದ ಡಿಎಂಎ ಮಾಡಿ ಪಾರಾಗುತ್ತಿದ್ದ ಹಲವು ಯುಎಸ್‌ಬಿ ಡ್ರೈವರ್‌ಗಳು ಆಗ ಸಿಕ್ಕಿಬಿದ್ದವು. ವಿಮ್ಯಾಲಾಕ್‌ನಿಂದ ಬಂದ ಬಫರ್ ಕೂಡ 'ಮ್ಯಾಪ್ ಸಿಂಗಲ್'ಗೆ ಆಗದು, ಅದರ ಪೇಜ್‌ಗಳು ಒಂದರ ಪಕ್ಕ ಒಂದು ಇರಬೇಕೆಂದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಕ್ಯಾಷ್ ಲೈನ್ (ಕ್ಯಾಷ್ ಒಂದೇ ಸಲಕ್ಕೆ ಓದಿ ಬರೆಯುವ ತುಂಡು) ಹಂಚಿಕೆ. ಒಂದು ಸ್ಟ್ರಕ್ಟ್‌ನಲ್ಲಿ 16 ಬೈಟ್ ಬಫರ್, ಅದರ ಪಕ್ಕದಲ್ಲೇ ಒಂದು ಕೌಂಟರ್ ಇದೆ ಅನ್ನಿ. ಎರಡೂ ಒಂದೇ ಕ್ಯಾಷ್ ಲೈನ್‌ನಲ್ಲಿ ಕೂತಿವೆ. ಬಫರ್ ಡಿವೈಸ್ ಕೈಲಿರುವಾಗ ನೀವು ಕೌಂಟರ್ ಹೆಚ್ಚಿಸಿದಿರಿ. ಕ್ಯಾಷ್ ಆ ಇಡೀ ಲೈನನ್ನು ಮೆಮೊರಿಗೆ ಬರೆದಾಗ ಡಿವೈಸ್ ತಂದ ಡೇಟಾ ಅಳಿಸಿಹೋಗುತ್ತದೆ. ಡಿಎಂಎ ಬಫರನ್ನು ಸ್ಟ್ರಕ್ಟ್ ಒಳಗೆ ಹುದುಗಿಸದೆ, ಬೇರೆ ಕೇಮ್ಯಾಲಾಕ್ ಮಾಡುವುದೇ ನೆಮ್ಮದಿ.

ಡೇಟಾ ಹಲವು ಪೇಜ್‌ಗಳಲ್ಲಿ ಚದುರಿದ್ದರೆ 'ಡಿಎಂಎ ಮ್ಯಾಪ್ ಎಸ್‌ಜಿ' ಇದೆ. ಅದರಲ್ಲಿ ಒಂದೇ ಗುಂಡಿ: ನೀವು 10 ತುಂಡು ಕೊಟ್ಟರೆ ಐಒಎಂಎಂಯು ಸೇರಿಸಿ 3 ಮಾಡಿ ಕೊಡಬಹುದು. ಡಿವೈಸ್‌ಗೆ 3 ಹೇಳಿ, ಅನ್‌ಮ್ಯಾಪ್ ಮಾಡುವಾಗ ಮೊದಲಿನ 10 ಹೇಳಿ. 'ಡಿಎಂಎ ಮ್ಯಾಪ್ ಎಸ್‌ಜಿಟೇಬಲ್' ಬಳಸಿದರೆ ಈ ಲೆಕ್ಕ ಅದೇ ಇಟ್ಟುಕೊಳ್ಳುತ್ತದೆ.

ಹಂತ 8: ರಿಂಗ್ ಮತ್ತು ಬ್ಯಾರಿಯರ್

ಎಡು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ನಿಜವಾದ ನೆಟ್‌ವರ್ಕ್ ಕಾರ್ಡ್‌ಗೆ ಕೊಹೆರೆಂಟ್ ಮೆಮೊರಿಯಲ್ಲಿ ಡಿಸ್ಕ್ರಿಪ್ಟರ್‌ಗಳ ಒಂದು ರಿಂಗ್ ಇರುತ್ತದೆ. ಪ್ರತಿ ಡಿಸ್ಕ್ರಿಪ್ಟರ್‌ನಲ್ಲಿ ಬಫರ್‌ನ ವಿಳಾಸ, ಅಳತೆ, ಮತ್ತು ಹೆಚ್ಚಾಗಿ ಒಂದು ಯಜಮಾನಿಕೆ ಬಿಟ್. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿ ಒಂದೇ ಬಿಟ್‌ನಲ್ಲಿದೆ.

ಮೊದಲು ವಿಳಾಸ, ಅಳತೆ ತುಂಬಿ, ಆಮೇಲೆ ಆ ಬಿಟ್ ಹಾಕುತ್ತೀರಿ. ಆದರೆ ಪ್ರೊಸೆಸರ್ ಮತ್ತು ಕಂಪೈಲರ್ ನೀವು ಬರೆದ ಕ್ರಮದಲ್ಲೇ ಮೆಮೊರಿಗೆ ಬರೆಯುತ್ತವೆ ಅನ್ನುವ ಖಾತ್ರಿ ಇಲ್ಲ. ಬಿಟ್ ಮೊದಲು ಕಂಡರೆ ಡಿವೈಸ್ ಅರ್ಧ ತುಂಬಿದ ಡಿಸ್ಕ್ರಿಪ್ಟರ್ ಓದಿಬಿಡುತ್ತದೆ. ಕೊಹೆರೆಂಟ್ ಅಂದರೆ ಕ್ಯಾಷ್ ಚಿಂತೆ ಇಲ್ಲ ಅಂತಷ್ಟೇ, ಕ್ರಮದ ಚಿಂತೆ ನಿಮ್ಮದೇ. ಬಿಟ್ ಹಾಕುವ ಮುಂಚೆ, ಕ್ರಮ ಕಾಯುವ ಬ್ಯಾರಿಯರ್ ಆದ 'ಡಿಎಂಎ ಡಬ್ಲ್ಯೂಎಂಬಿ' ಹಾಕಿ. ವಾಪಸ್ ಪಡೆಯುವಾಗ ಮೊದಲು ಬಿಟ್ ನೋಡಿ, ಆಮೇಲೆ 'ಡಿಎಂಎ ಆರ್‌ಎಂಬಿ', ಆಮೇಲೆ ಉಳಿದದ್ದನ್ನು ಓದಿ.

ಕೊನೆಗೆ, ಹೊಸ ಕೆಲಸ ಇದೆ ಅಂತ ತಿಳಿಸುವ ಡಿವೈಸ್‌ನ ಡೋರ್‌ಬೆಲ್ ರಿಜಿಸ್ಟರ್ ಬರೆಯಲು 'ರೈಟ್‌ಎಲ್' ಬಳಸಿದರೆ ಬೇಕಾದ ಕ್ರಮ ಅದರಲ್ಲೇ ಇದೆ. ವೇಗ ಬೇಕು ಅಂತ 'ರೈಟ್‌ಎಲ್ ರಿಲ್ಯಾಕ್ಸ್ಡ್' ಹಾಕಿದರೆ ಇಲ್ಲ. ಅಳೆದು ನೋಡದೆ ಅದರ ತಂಟೆಗೆ ಹೋಗಬೇಡಿ.

ಹಂತ 9: ಅಂಗಡಿ ಮುಚ್ಚುವ ಕ್ರಮ

ಡ್ರೈವರ್ ತೆಗೆಯುವಾಗ ಮೊದಲು ಡಿವೈಸ್ ನಿಲ್ಲಿಸಿ. ನಡೆಯುತ್ತಿರುವ ವರ್ಗಾವಣೆ ಮುಗಿಯುವ ತನಕ ಕಾಯಿರಿ. ಆಮೇಲೆ 'ಫ್ರೀ ಐಆರ್‌ಕ್ಯೂ', ಆಮೇಲೆ ಅನ್‌ಮ್ಯಾಪ್, ಕಡೆಗೆ ಮೆಮೊರಿ ಬಿಡುಗಡೆ. ಎಡು ಮೇಲೆ ಇದನ್ನು ತಪ್ಪಾಗಿ ಮಾಡುವುದು ಬಲು ಸುಲಭ. 7 ಬರೆದು ಅದೇ ಉಸಿರಲ್ಲಿ ಬಫರ್ ಬಿಡುಗಡೆ ಮಾಡಿ. 100 ಮಿಲಿಸೆಕೆಂಡ್ ಆದ ಮೇಲೆ ಡಿವೈಸ್, ಆಗಲೇ ಬೇರೆಯವರಿಗೆ ಹೋಗಿರುವ ಮೆಮೊರಿಗೆ ಬರೆಯುತ್ತದೆ. ಕಾಯುವಾಗ ಟೈಮ್ಔಟ್ ಆಯಿತು ಅಂದರೂ ಸುಮ್ಮನೆ ಅನ್‌ಮ್ಯಾಪ್ ಮಾಡಬೇಡಿ. ಟೈಮ್ಔಟ್ ಅಂದರೆ ನೀವು ಕಾಯುವುದನ್ನು ಬಿಟ್ಟಿರಿ ಅಂತ, ಡಿವೈಸ್ ಬರೆಯುವುದನ್ನು ಬಿಟ್ಟಿದೆ ಅಂತಲ್ಲ.

ಹಂತ 10: ಡಿಬಗ್ ಹೇಳುವುದನ್ನು ಕೇಳಿ

ಮೊದಲ ಹಂತದಲ್ಲಿ ಆನ್ ಮಾಡಿದ 'ಡಿಎಂಎ ಎಪಿಐ ಡಿಬಗ್' ನಿಮ್ಮ ಪ್ರತಿ ಮ್ಯಾಪ್, ಅನ್‌ಮ್ಯಾಪ್ ಕರೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮ್ಯಾಪಿಂಗ್ ಎರರ್ ಪರೀಕ್ಷಿಸಲಿಲ್ಲ, ಅಳತೆ ಹೊಂದಲಿಲ್ಲ, ದಿಕ್ಕು ಹೊಂದಲಿಲ್ಲ, ಸ್ಟ್ಯಾಕ್ ಮೆಮೊರಿ ಕೊಟ್ಟಿದ್ದೀರಿ, ಡ್ರೈವರ್ ಹೋದರೂ ಮ್ಯಾಪಿಂಗ್ ಉಳಿದಿದೆ: ಎಲ್ಲದಕ್ಕೂ ಲಾಗ್‌ನಲ್ಲಿ ಸಾಲು ಬರುತ್ತದೆ. ಹಿಂದಿನ ಹಂತಗಳಲ್ಲಿ ಹೇಳಿದ ತಪ್ಪುಗಳನ್ನು ಒಂದೊಂದಾಗಿ ಬೇಕಂತಲೇ ಮಾಡಿ, ಯಾವುದಕ್ಕೆ ಯಾವ ಸಾಲು ಬರುತ್ತದೆ ನೋಡಿಟ್ಟುಕೊಳ್ಳಿ. ಬಿಟ್ಟುಹೋದ ಸಿಂಕ್ ಕರೆ ಮಾತ್ರ ಇದರ ಬಲೆಗೆ ಬೀಳುವುದಿಲ್ಲ. ಕರೆದದ್ದನ್ನಷ್ಟೇ ಇದು ನೋಡಬಲ್ಲದು, ಕರೆಯದೇ ಹೋದದ್ದನ್ನಲ್ಲ. ಅದಕ್ಕೆ ಹಂತ 6ರ ಉಪಾಯವೇ ಗತಿ.

ಒಂದು ವಿಷಯ ಗೊತ್ತಿರಲಿ. ಇದು ಮೊದಲ ತಪ್ಪನ್ನು ಮಾತ್ರ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತದೆ. ಲಾಗ್‌ನಲ್ಲಿ ಒಂದೇ ಸಾಲು ಕಂಡು ಅದನ್ನು ಸರಿಪಡಿಸಿ ಖುಷಿಪಟ್ಟರೆ ಹಿಂದೆ ಇನ್ನೂ ಹತ್ತು ಇರಬಹುದು. ಕರ್ನಲ್‌ನ ಡಿಬಗ್ ಫೈಲ್‌ಗಳಿರುವ ಡಿಬಗ್‌ಎಫ್‌ಎಸ್‌ನಲ್ಲಿ 'ಡಿಎಂಎ-ಎಪಿಐ' ಫೋಲ್ಡರ್ ತೆರೆಯಿರಿ. ಅಲ್ಲಿನ 'ಆಲ್ ಎರರ್ಸ್' ಫೈಲ್‌ಗೆ 1 ಬರೆಯಿರಿ. ಟೆಸ್ಟ್ ಓಡಿಸಿ, ಮಾಡ್ಯೂಲ್ ತೆಗೆದು, ಮತ್ತೆ ಹಾಕಿ, ಮತ್ತೆ ಓಡಿಸಿ. ಪಕ್ಕದ 'ಎರರ್ ಕೌಂಟ್' ಫೈಲ್ ಆಗಲೂ ಸೊನ್ನೆ ತೋರಿಸಿದರೆ ಕೋಡನ್ನು ಬೋರ್ಡ್ ಮೇಲೆ ಹಾಕಿ.